ಅರ್ಧ ರೊಟ್ಟಿಯ ಸಾಕ್ಷಿ

ದೊಡವಾಡದ ಬಸಲಿಂಗಪ್ಪನಿಗೆ ಲಕ್ವಾ ಹೊಡೆದು ಮಾತು ಬಿದ್ದುಹೋಗಿತ್ತು, ಕಿಡ್ನಿಗಳೂ ಸೋತಿದ್ದವು. ಬುದ್ಧಿ ನೆಟ್ಟಗಿದೆ, ದಿನಗಳು ಮಾತ್ರ ಹೆಚ್ಚಿಲ್ಲ ಎಂದು ಡಾಕ್ಟರು ಬರೆದುಕೊಟ್ಟು ಮನೆಗೆ ಕಳಿಸಿದ್ದರು. ಮುದುಕನಿಗೆ ಹೆಂಡತಿ ಮಕ್ಕಳಿಲ್ಲ. ನೋಡಿಕೊಳ್ಳುವವಳು ತೀರಿಹೋದ ತಂಗಿಯ ಮಗಳು ಗಂಗಾ. ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಊರ ಹೆಂಗಸರ ಜಂಪರೆಲ್ಲ ಹೊಲಿಯುವವಳು. ಮನೆ ಅವಳಿಗೇ ಎಂದು ಮಾತಿದ್ದಾಗಲೇ ಹೇಳಿ ಬರೆಸಿದ್ದ ಮೃತ್ಯುಪತ್ರಕ್ಕೆ ಹೆಬ್ಬೆಟ್ಟೊಂದು ಬಾಕಿ. ಅದಾಗದಿದ್ದರೆ ಮನೆ ಮನೋಳಿಯಲ್ಲಿರುವ ಮುದುಕನ ತಮ್ಮ ನಿಜಗುಣಪ್ಪನ ಪಾಲು. ಅವನೋ, ಆಗಲೇ ಬಂದು ಬಾಗಿಲ ಚಿಲಕ ಅಲ್ಲಾಡಿಸಿ ನೋಡಿ ಹೋಗಿದ್ದ.

ಬೈಲಹೊಂಗಲದಿಂದ ನೋಟರಿ ಪ್ರಜ್ಞಾ ಬಂದಳು. ಇಂಥ ಹಾಸಿಗೆಗಳ ಬಳಿ ಅವಳದೊಂದು ರೂಢಿ: ಮನೆಯವರನ್ನು ಹೊರಗೆ ಕಳಿಸಿ, ಕೊನೆಗೆ ಒಲ್ಲೆ ಎನ್ನಲೇಬೇಕಾದ ಒಂದು ಉಲ್ಟಾ ಪ್ರಶ್ನೆ ಕೇಳುವುದು.

“ಅಜ್ಜಾರ, ಈ ಮನಿ ಗಂಗಾಗ ಕೊಡತೀರೇನ್ರಿ?”

ಮುದುಕ ಹೂಂ ಎಂಬಂತೆ ಗೋಣು ಹಾಕಿದ.

“ನನಗ ಕೊಡತೀರೇನ್ರಿ?”

ಅದಕ್ಕೂ ಹಾಕಿದ, ಅದೂ ನಗುನಗುತ್ತ.

ಪ್ರಜ್ಞಾ ಪೆನ್ನಿನ ಟೊಪ್ಪಿಗೆ ಮುಚ್ಚಿ ಹೊರಗೆ ಬಂದಳು. “ಗಂಗಾ, ಆಗೂದಿಲ್ಲವಾ. ಕೇಳಿದ್ದಕ್ಕೆಲ್ಲಾ ಹೂಂ ಅನ್ನಾಕತ್ತಾರ. ಇಂಥಾದ್ದು ಕೋರ್ಟಿನ್ಯಾಗ ನಿಲ್ಲೂದಿಲ್ಲ.”

ಗಂಗಾ, ಮಷಿನ್ ಆಗಲೇ ಬೇರೆಯವರದ್ದೇನೋ ಎಂಬಂತೆ ಅದರ ಮೇಲೊಂದು ಬಟ್ಟೆ ಹೊದಿಸಿದಳು.

ಕಟ್ಟೆಯ ಮೇಲೆ ಕುಳಿತಿದ್ದ ನೆರೆಮನೆಯ ತಂಗೆವ್ವ ಕೇಳಿದಳು, “ಮೇಡಮ್ಮಾರ, ಈ ಮನ್ಯಾಗ ಏನ್ ಉಂಡ್ರಿ?”

“ಏನೂ ಇಲ್ಲರಿ. ಕೆಲಸಕ್ಕ ಬಂದಲ್ಲಿ ಚಾ ಸುದ್ದಾ ಮುಟ್ಟೂದಿಲ್ಲ ನಾ.”

“ಹಂಗಾರ ಅಂವಾ ಹೆಂಗ ಒಲ್ಲೆ ಅಂತಾನ್ರಿ? ಉಣ್ಣದ ಕುಂತವರ ಮುಂದ ಒಲ್ಲೆ ಅನ್ನೂದು ಅವನ ಜನ್ಮದಾಗಿಲ್ಲ. ಹ್ವಾದ ವರ್ಷ ವಿಮಾದಾವ ಒಬ್ಬ ನೀರೂ ಕುಡೀದ ಕುಂತು, ಎಮ್ಮಿಗೆ ವಿಮಾ ಮಾಡಿಸಿ ಹ್ವಾದ. ಈ ಮನ್ಯಾಗ ಎಮ್ಮಿನ ಇಲ್ಲ! ಉಂಡವ್ರು ಅಂದ್ರ ಮನಿ ಮಂದಿ. ಅವರ ಕೂಡ ಜಗಳಾ ಸುದ್ದಾ ಆಡತಾನ.”

“ನಮ್ಮ ರೂಲ್ಸಿನ್ಯಾಗ...”

“ಅರ್ಧಾ ರೊಟ್ಟಿಗೆ ಯಾವ ರೂಲ್ಸ್ ರೀ!”

ಪ್ರಜ್ಞಾ ಬಟ್ಟೆ ಹೊದ್ದ ಮಷಿನ್ ಕಡೆ ನೋಡಿದಳು. ಆಮೇಲೆ ಕೈ ತೊಳೆದಳು.

ಮುದುಕನ ಎದುರಿಗೇ ನೆಲದ ಮೇಲೆ ಕುಳಿತು ಅರ್ಧ ರೊಟ್ಟಿ, ಶೇಂಗಾ ಚಟ್ನಿ ಉಂಡಳು. ಅವನು ಬಿಡದೆ ನೋಡಿದ. ಬೆರಳೆತ್ತಿ ಮಜ್ಜಿಗೆ ತಂಬಿಗೆ ತೋರಿಸಿದ. ಅದನ್ನೂ ಹಾಕಿಸಿಕೊಂಡಳು. ಕೈ ಒರೆಸಿಕೊಂಡು, ಎಲ್ಲರನ್ನೂ ಮತ್ತೆ ಹೊರಗೆ ಕಳಿಸಿದಳು.

“ಅಜ್ಜಾರ, ಮನಿ ನನಗ ಬರಕೊಡತೀರೇನ್ರಿ?”

ಮುದುಕನ ಹುಬ್ಬುಗಳು ಮೇಲೇರಿದವು. ಇದೇನು ಕೇಳ್ತಾಳಪ್ಪ ಈ ಹುಡುಗಿ ಎಂಬಂತೆ ನೋಡಿ, ಗೋಣನ್ನು ಅತ್ತಿಂದಿತ್ತ ಅಲ್ಲಾಡಿಸಿದ.

“ನಿಮ್ಮ ತಮ್ಮಗ?”

ಈ ಸಲ ಅಲ್ಲಾಡಿಸಿದ ರಭಸಕ್ಕೆ ದಿಂಬೇ ಜಾರಿತು.

“ಮತ್ಯಾರಿಗ್ರಿ?”

ಮುದುಕನ ಎಡಗೈ ಮೆಲ್ಲಗೆ ಎದ್ದಿತು. ಎರಡು ಬೆರಳು ಕತ್ತರಿಯ ಹಾಗೆ ಅಗಲವಾಗಿ, ಕೂಡಿ, ಗಾಳಿಯಲ್ಲೇ ಬಟ್ಟೆ ಕತ್ತರಿಸುತ್ತ ಹೋದವು.

ಪ್ರಜ್ಞಾ ಪೆನ್ನಿನ ಟೊಪ್ಪಿಗೆ ತೆಗೆದಳು. ಸಾಕ್ಷಿಗೆ ತಂಗೆವ್ವನನ್ನೂ ಓಣಿಯ ದುರ್ಗಪ್ಪನನ್ನೂ ಒಳಗೆ ಕರೆದು, ಪತ್ರವನ್ನು ಗಟ್ಟಿಯಾಗಿ ಓದಿದಳು. ಹೆಬ್ಬೆಟ್ಟು ಬಿತ್ತು, ಸಾಕ್ಷಿಗಳ ಸಹಿ ಆಯಿತು, ನೋಟರಿ ಮುದ್ರೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಗಂಗಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು.

“ಬರತೇನ್ರಿ ಅಜ್ಜಾರ, ಬಸ್ಸಿನ ಹೊತ್ತಾತು.”

ಬಸಲಿಂಗಪ್ಪ ಗೋಣು ಅಲ್ಲಾಡಿಸಿದ: ಬೇಡ.

“ನೋಡ್ರಿ ಮತ್ತ, ನಿಮ್ಮ ಕೂಡಾನೂ ಜಗಳಾ ಶುರು ಮಾಡಿದ,” ತಂಗೆವ್ವ ನಕ್ಕಳು. “ಉಳದ ಅರ್ಧಾ ರೊಟ್ಟಿ ಉಂಡ ಹೋಗ್ರಿ.”

ಪಡಸಾಲೆಯಲ್ಲಿ ಮಷಿನ್ ಸದ್ದು ಶುರುವಾಯಿತು. ಮುದುಕ ಕಣ್ಣು ಮುಚ್ಚಿ ಅದನ್ನು ಕೇಳುತ್ತ ಮಲಗಿದ. ಪ್ರಜ್ಞಾ ಬ್ಯಾಗು ಕೆಳಗಿಟ್ಟು ಕುಳಿತಳು.