ಕಮಾನಿಗೆ ಕಟ್ಟಿದ ಕರಿಬಟ್ಟೆ

ಆ ಮಂಗಳವಾರ ಬೆಳಿಗ್ಗೆ ಮಳೆ ನಿಂತಿತ್ತು, ಬಿಸಿಲು ಇನ್ನೂ ಬಂದಿರಲಿಲ್ಲ. ರಾತ್ರಿ ಸುರಿದ ನೀರನ್ನು ಹುಲ್ಲುಗಾವಲು ಕುಡಿದು ಮುಗಿಸಿರಲಿಲ್ಲ. ನೆಲದಿಂದೆದ್ದ ಮಂಜು ಬೇಲಿಯ ಎತ್ತರಕ್ಕೆ ಬಂದು, ಮುಂದೆ ಹೋಗುವುದೋ ಬೇಡವೋ ಎಂಬಂತೆ ಅಲ್ಲೇ ನಿಂತಿತ್ತು. ತೆಂಕಣ ಗಾಳಿಯಲ್ಲಿ ಕಾಡುಪ್ಲಮ್ ಹೂವಿನ ವಾಸನೆ ಇತ್ತು. ಇಂಥ ಬೆಳಿಗ್ಗೆ ಕಂಡರೆ, ದೇವರು ನಮಗಿಂತ ಮುಂಚೆ ಎದ್ದು ಅಂಗಳ ತೊಳೆದಿಟ್ಟಿದ್ದಾನೆ ನೋಡು ಎಂದು ಹಲ್ಡಾ ಪ್ರೂಯಿಟ್ ಮಗನಿಗೆ ಹೇಳುತ್ತಿದ್ದಳು. ಹೇಳಿಸಿಕೊಳ್ಳುವ ಮಗ ಹೋಗಿ ಮೂರು ವರ್ಷವಾಗಿತ್ತು. ಈಗ ಅವಳು ಸುಮ್ಮನೆ ಕೋಳಿಗಳಿಗೆ ಜೋಳ ಎರಚಿ ಒಳಗೆ ಹೋಗುತ್ತಿದ್ದಳು.

ಅಂದು ಒಳಗೆ ಹೋಗುವ ಮೊದಲೇ ಕೆಸರಿನಲ್ಲಿ ಹೆಜ್ಜೆ ಕೀಳುತ್ತಾ ಇಬ್ಬರು ಬಂದರು. ಒಬ್ಬಳು ಪಕ್ಕದ ಹೊಲದ ಟ್ಯಾಬಿತಾ, ಚಿಕ್ಕಂದಿನಿಂದ ಹಲ್ಡಾಳ ಗೆಳತಿ. ಇನ್ನೊಬ್ಬ ಓರಿನ್ ಕೆಲ್ಸೋ. ರೈಲು ನಿಲ್ದಾಣದ ಬೆಂಚೇ ಅವನ ಮನೆ ಎಂದು ಊರು ನಗುತ್ತಿತ್ತು. ಊರಿಗೆಲ್ಲ ಅವನು ಮಾಮ.

"ಹಲ್ಡಕ್ಕಾ, ಇದೀಯಾ?" ಎಂದು ಕೂಗಿದಳು ಟ್ಯಾಬಿತಾ.

"ಇಲ್ದೆ ಎಲ್ಲಿಗೆ ಹೋಗ್ಲಿ. ಕಾಲು ಒರೆಸ್ಕೊಂಡು ಬನ್ನಿ. ಓರಿನ್ ಮಾಮ, ನೀನು ಎರಡು ಸಲ ಒರೆಸ್ಕೋ."

"ಈ ಕಾಲಿಗೆ ಮರ್ಯಾದೆ ಕೊಡು ತಾಯಿ," ಎಂದ ಓರಿನ್. "ನ್ಯೂ ಸೇಲಂನಲ್ಲಿ ಏಬ್ ಲಿಂಕನ್‌ಗೆ ಅಡ್ಡಗಾಲು ಕೊಟ್ಟು ಕೆಡವಿದ ಕಾಲು ಇದು. ಅಷ್ಟುದ್ದ ಆಳು, ಬೆನ್ನಿಗೆ ಮಣ್ಣು ಹತ್ತಿಸ್ಕೊಂಡು ಎದ್ದು, ಭೇಷ್ ಓರಿನ್ ಅಂದ."

"ಹೋದ ವಾರ ಸೊಂಟ ಹಿಡಿದು ಎತ್ತಿ ಒಗೆದೆ ಅಂದಿದ್ದೆ," ಎಂದಳು ಟ್ಯಾಬಿತಾ.

"ಮೊದಲು ಸೊಂಟ, ಆಮೇಲೆ ಕಾಲು. ಕುಸ್ತಿ ಅಂದ್ರೆ ಒಂದೇ ಪಟ್ಟಾ?"

ಟಾಲ್ಮನ್ ಎಂಬ ಆ ಊರಿನಲ್ಲಿ ಪ್ರತಿ ಮನೆಗೂ ಒಬ್ಬ ಲಿಂಕನ್ ಇದ್ದ. ಒಬ್ಬರ ಬೇಲಿಯ ಮರ ಅವನು ಸೀಳಿದ್ದು. ಇನ್ನೊಬ್ಬರ ಅಜ್ಜನ ಕಾಲದ ಜಮೀನು ವ್ಯಾಜ್ಯದಲ್ಲಿ ಅವನು ವಾದ ಮಾಡಿದ್ದು. ಮತ್ತೊಬ್ಬರ ಒಲೆಯ ಮುಂದೆ ಒದ್ದೆ ಕಾಲು ಚಾಚಿ ಅವನು ನಗೆಕತೆ ಹೇಳಿದ್ದು, ಕೇಳುತ್ತಾ ಕೂತ ಮನೆಯವರು ರೊಟ್ಟಿ ಸೀಯಿಸಿಕೊಂಡದ್ದು. ಅವನು ಗುಂಡೇಟಿಗೆ ಸತ್ತ ಸುದ್ದಿ ತಂತಿಯಲ್ಲಿ ಬಂದ ದಿನದಿಂದ ಈ ಲಿಂಕನ್‌ಗಳು ಇನ್ನಷ್ಟು ಹೆಚ್ಚಿದ್ದರು. ಹಲ್ಡಾಳ ಮನೆಯಲ್ಲಿ ಮಾತ್ರ ಅಂಥವನೊಬ್ಬ ಇರಲಿಲ್ಲ. ಅಧ್ಯಕ್ಷ ಲಿಂಕನ್ ಯುದ್ಧಕ್ಕೆ ಕರೆದ, ಮಗ ರೂಬನ್ ಹೋದ, ಶೈಲೋದ ಕಾಳಗದಲ್ಲಿ ಬಿದ್ದ. ಅವಳ ಪಾಲಿಗೆ ಬಂದ ಕತೆ ಅಷ್ಟೇ.

ಟ್ಯಾಬಿತಾ ಒಲೆಯ ಬಳಿ ಕೂತು ಬೆರಳು ಬೆಸೆದಳು. ಬಂದ ಕೆಲಸ ಹಲ್ಡಾಳಿಗೆ ಅವಳು ಹೇಳುವ ಮೊದಲೇ ಗೊತ್ತಾಯಿತು. ನಾಳೆ ಬೆಳಿಗ್ಗೆ ಲಿಂಕನ್‌ನ ಹೆಣ ಹೊತ್ತ ರೈಲು ಟಾಲ್ಮನ್ ದಾಟಿ ಸ್ಪ್ರಿಂಗ್‌ಫೀಲ್ಡ್‌ಗೆ, ಅವನ ಸ್ವಂತ ಊರಿಗೆ, ಹೋಗುವುದಿತ್ತು. ದಾರಿಯ ಪ್ರತಿ ಊರೂ ಹಳಿಗಳ ಮೇಲೆ ಕಮಾನು ಕಟ್ಟಿತ್ತು. ಟಾಲ್ಮನ್‌ನವರೂ ಕಂಬ ನೆಟ್ಟು ಹಸಿರು ಕೊಂಬೆ ಬಿಗಿದಿದ್ದರು. ಶೋಕಕ್ಕೆ ಇಳಿಬಿಡಲು ಕರಿಬಟ್ಟೆ ಮಾತ್ರ ಸಿಗಲಿಲ್ಲ. ಇಡೀ ಸೀಮೆಯ ಅಂಗಡಿಗಳಲ್ಲಿ ಒಂದು ಗಜವೂ ಉಳಿದಿರಲಿಲ್ಲ.

"ನಿನ್ನ ಪೆಟಾರಿಲಿ ಒಂದಿದೆಯಲ್ಲ," ಎಂದಳು ಟ್ಯಾಬಿತಾ ಮೆಲ್ಲಗೆ.

ಹಲ್ಡಾ ಕಾಫಿಯ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. "ಅದು ರೂಬನ್‌ದು."

ಆ ಬಟ್ಟೆಯ ವಿಷಯ ಟ್ಯಾಬಿತಾಳಿಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮಗ ಬಿದ್ದ ಸುದ್ದಿ ಬಂದಾಗ, ದೇಹ ಬಂದೇ ಬರುತ್ತದೆಂದು ಹಲ್ಡಾ ಒಳ್ಳೆಯ ಕರಿ ಉಣ್ಣೆಬಟ್ಟೆ ತರಿಸಿ, ಶವಪೆಟ್ಟಿಗೆಗೆ ಹೊದಿಸಲೆಂದು ಅಂಚು ಮಡಿಸಿ ಹೊಲಿಯಲು ಕೂತಿದ್ದಳು. ಒಂದು ಮೂಲೆ ಮುಗಿದಿತ್ತು. ಆಗ ಎರಡನೆಯ ಸುದ್ದಿ ಬಂತು, ನೂರಾರು ಹುಡುಗರನ್ನು ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದ್ದಾರೆ, ಯಾರ ದೇಹವೂ ಬರುವುದಿಲ್ಲ ಎಂದು. ಹಲ್ಡಾ ಸೂಜಿಯನ್ನು ಕಳಚಿ, ದಾರವನ್ನು ಇದ್ದ ಹಾಗೇ ಬಿಟ್ಟು, ಬಟ್ಟೆಯನ್ನು ಮಡಿಸಿಟ್ಟಳು.

ಆ ಸೀಮೆಯ ಪದ್ಧತಿ ಹೀಗಿತ್ತು. ಸತ್ತವರನ್ನು ಮನೆಯವರೇ ಬೇಗ ಮಣ್ಣು ಮಾಡುತ್ತಿದ್ದರು. ಸಾವಿನ ಪ್ರಸಂಗವನ್ನು, ಅಂದರೆ ಸತ್ತವರ ಹೆಸರಿನಲ್ಲಿ ಹೇಳುವ ಧರ್ಮಬೋಧೆಯನ್ನು ಮಾತ್ರ, ಕುದುರೆಯ ಮೇಲೆ ಊರೂರು ಸುತ್ತುವ ಬೋಧಕರು ಬಂದಾಗ ಮಾಡಿಸುತ್ತಿದ್ದರು. ಅದು ತಿಂಗಳಾದರೂ ಸರಿ, ವರ್ಷವಾದರೂ ಸರಿ. ಆ ಪ್ರಸಂಗ ನಡೆಯುವ ತನಕ ಸತ್ತವರ ಕೆಲಸ ಮುಗಿಯಿತು ಎನ್ನುವಂತಿರಲಿಲ್ಲ. ಬೋಧಕ ಅಮಾಸಾ ಅಯ್ಯನವರು ಬಂದಾಗಲೆಲ್ಲ ರೂಬನ್‌ನ ಪ್ರಸಂಗ ಯಾವಾಗ ಎಂದು ಕೇಳುತ್ತಿದ್ದರು. ಹಲ್ಡಾ, "ಪೆಟ್ಟಿಗೆ ಬರಲಿ ಅಯ್ಯನವರೇ," ಎನ್ನುತ್ತಿದ್ದಳು. ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

"ಆ ಲಿಂಕನ್ ಮೇಲೆ ನಂಗೇನೂ ಸಿಟ್ಟಿಲ್ಲ ಟ್ಯಾಬಿ," ಎಂದಳು ಈಗ. "ಗುಲಾಮರ ಬೇಡಿ ಬಿಚ್ಚಿದ, ಒಳ್ಳೇ ಕೆಲ್ಸ ಮಾಡಿದ. ಆದ್ರೆ ಅವನನ್ನ ಇಡೀ ದೇಶ ಎದ್ದು ನಿಂತು ಮನೆಗೆ ಕಳಿಸ್ತಾ ಇದೆ. ನನ್ನ ಹುಡುಗನ್ನ ಯಾರು ಕಳಿಸಿದ್ರು?"

ಓರಿನ್ ಟೊಪ್ಪಿ ತಿರುವುತ್ತಾ ಕೂತ. ಟ್ಯಾಬಿತಾ ಗೆಳತಿಯ ಕಡೆ ಬಾಗಿ ಹೇಳಿದಳು:

"ಆ ಗಾಡೀಲಿ ಅವನೊಬ್ಬನೇ ಬರ್ತಿಲ್ಲ ಕಣೆ. ಅವನ ಮಗನೂ ಬರ್ತಿದಾನೆ. ಜ್ವರ ಬಂದು ಹೋದ್ನಲ್ಲ, ವಿಲ್ಲಿ ಅಂತ. ಯುದ್ಧ ಮುಗೀಲಿ, ಊರಿಗೆ ಕರ್ಕೊಂಡು ಹೋಗೋಣ ಅಂತ ರಾಜಧಾನೀಲೇ ಒಂದು ಸಮಾಧಿಲಿ ಇಟ್ಟಿದ್ರಂತೆ. ಈಗ ಅಪ್ಪನ ಪೆಟ್ಟಿಗೆ ಜೊತೆ ಅದನ್ನೂ ಇಟ್ಟಿದಾರೆ. ಚಿಕ್ಕ ಪೆಟ್ಟಿಗೆ."

"ಎಷ್ಟು ವಯಸ್ಸು ಹುಡುಗಂಗೆ?"

"ಹನ್ನೊಂದು."

ಹಲ್ಡಾ ಎದ್ದು ಅಟ್ಟದ ಏಣಿ ಹತ್ತಿದಳು. ಮೇಲೆ ಪೆಟಾರಿಯ ಮುಚ್ಚಳ ತೆರೆದ ಸದ್ದಾಯಿತು. ಇಳಿದು ಬಂದಾಗ ಬಟ್ಟೆ ಅವಳ ಎರಡೂ ಕೈಗಳ ಮೇಲಿತ್ತು, ಮಲಗಿದ ಮಗುವನ್ನು ಎತ್ತಿ ತಂದ ಹಾಗೆ.

"ಹುಡುಗನಿಗೆ ಅಂತ ಕೊಡ್ತಿದೀನಿ. ಇದರ ನೆರಳು ಅಪ್ಪನ ಮೇಲೂ ಬಿದ್ರೆ ಬೀಳ್ಲಿ. ಆದ್ರೆ ಹೋದ ಹಾಗೇ ವಾಪಸ್ ಬರ್ಬೇಕು. ರೂಬನ್‌ದು ಅಂತ ನನ್ನ ಕೈಲಿ ಉಳಿದಿರೋದು ಇದೊಂದೇ. ಇದಿಲ್ದೆ ಅವನ ಪ್ರಸಂಗ ಹೇಗೆ ಮಾಡಿಸ್ಲಿ?"

"ನಾನು ಹೊಣೆ," ಎಂದಳು ಟ್ಯಾಬಿತಾ.

ಮರುದಿನ ರೈಲು ತಡವಾಯಿತು. ಮಂಜು ಕರಗಿ ಬಿಸಿಲು ಹಳಿಯ ಮೇಲೆ ಬಿದ್ದಿತ್ತು. ಊರಿನವರು, ಸುತ್ತಲ ಹೊಲಗಳವರು, ಯುದ್ಧದಿಂದ ಒಂದು ಕೈಯಿಲ್ಲದೆ ಮರಳಿದವರು, ಮಿಸೌರಿಯಿಂದ ತಪ್ಪಿಸಿಕೊಂಡು ಬಂದು ಗಿರಣಿಯಲ್ಲಿ ದುಡಿಯುತ್ತಿದ್ದ ಇಬ್ಬರು ಕಪ್ಪು ಹೆಂಗಸರು, ಎಲ್ಲರೂ ಹಳಿಯ ಎರಡೂ ಬದಿಗೆ ನಿಂತಿದ್ದರು. ಕಮಾನಿನ ಮೇಲೆ ರೂಬನ್‌ನ ಬಟ್ಟೆ ಇಳಿಬಿದ್ದಿತ್ತು. ಗಾಳಿಗೆ ಅದು ಉಬ್ಬಿ ಇಳಿಯುವುದನ್ನು ಹಲ್ಡಾ ನೋಡಿದಳು. ಮೂರು ವರ್ಷ ಮಡಿಕೆಯಲ್ಲಿದ್ದದ್ದು ಈಗ ಉಸಿರಾಡುತ್ತಿದೆ ಅನ್ನಿಸಿತು ಅವಳಿಗೆ.

ಮೊದಲು ಗಂಟೆ ಕೇಳಿತು. ಆಮೇಲೆ ಗಾಡಿ ಬಂತು, ನಡೆಯುವವರ ವೇಗದಲ್ಲಿ. ಗಂಡಸರ ಟೊಪ್ಪಿಗಳು ಇಳಿದವು. ಯಾರೋ ಕೀರ್ತನೆ ಎತ್ತಿದರು, ಅದು ಅರ್ಧಕ್ಕೇ ನಿಂತಿತು. ಗಿರಣಿಯ ಹೆಂಗಸರಲ್ಲಿ ಹಿರಿಯಳು ಮೊಣಕಾಲೂರಿದಳು. ಅವಳನ್ನು ನೋಡಿ ಹಲ್ಡಾಳೂ ಊರಿದಳು. ಡಬ್ಬಿಯ ಕಿಟಕಿಗಳಿಗೆ ಪರದೆ ಇತ್ತು, ಒಳಗಿನದೇನೂ ಕಾಣಲಿಲ್ಲ. ಬಟ್ಟೆಯ ನೆರಳು ಒಂದೊಂದೇ ಡಬ್ಬಿಯ ಮೇಲೆ ಹರಿದು ಹೋಯಿತು. ಚಿಕ್ಕ ಪೆಟ್ಟಿಗೆ ಯಾವುದರಲ್ಲಿತ್ತೋ, ಅದರ ಮೇಲೂ ಹರಿದಿರಬೇಕು. ಮಗನೇ, ನಿನ್ನ ಹೊದಿಕೆ ಒಂದು ಮಗುವಿಗಾಯಿತು ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಕಣ್ಣು ಮುಚ್ಚಿ, ತಲೆ ಬಾಗಿಸಿ, ಗಂಟೆಯ ಸದ್ದು ಅಡಗುವ ತನಕ ಹಾಗೇ ಇದ್ದಳು.

ತಲೆ ಎತ್ತಿದಾಗ ಕತ್ತರಿಗಳ ಸದ್ದು ಕೇಳುತ್ತಿತ್ತು.

ಬಟ್ಟೆ ಇಳಿಸಬೇಕಾದ ಓರಿನ್ ಗಾಡಿ ಹಾಯುವಾಗಲೇ ಏಣಿಯ ಮೇಲಿದ್ದ. ಕೆಳಗಿನಿಂದ ಯಾರೋ, "ಮಾಮ, ಅವನ ಮೇಲೆ ಹಾದ ಬಟ್ಟೆ, ನಮಗೊಂದು ಚೂರು," ಎಂದರು. ಆ ದಿನಗಳಲ್ಲಿ ಆ ಜನಕ್ಕೆ ಅದೊಂದು ಹುಚ್ಚೇ ಆಗಿತ್ತು. ಅವನ ಗಾಡಿ ಹೋದಲ್ಲೆಲ್ಲ ಹೂವು, ಮೊಳೆ, ಕಮಾನಿನ ಎಲೆ, ಏನು ಸಿಕ್ಕಿದರೂ ನೆನಪಿಗೆಂದು ಒಯ್ಯುತ್ತಿದ್ದರು. ಹೊಲಿಗೆ ಕತ್ತರಿಯಂತೂ ಹೆಂಗಸರ ಸೊಂಟದಲ್ಲೇ ನೇತಾಡುತ್ತಿತ್ತು. ಊರ ಸಮಿತಿ ಕೊಂಡ ಬಟ್ಟೆ ಎಂದು ಎಲ್ಲರೂ ತಿಳಿದಿದ್ದರು. ಕೀರ್ತನೆಯವರ ನಡುವೆ ನಿಂತಿದ್ದ ಟ್ಯಾಬಿತಾ ಓಡಿ ಬರುವ ಹೊತ್ತಿಗೆ ಕಮಾನಿನಲ್ಲಿ ಕೊಂಬೆಗಳಷ್ಟೇ ಉಳಿದಿದ್ದವು.

ಹಲ್ಡಾ ಲಂಗದ ಮಣ್ಣು ಕೊಡವಿ ಮನೆಯ ದಾರಿ ಹಿಡಿದಳು. ಟ್ಯಾಬಿತಾ ಅಳುತ್ತಾ ಹಿಂದೆ ಬಂದಳು.

"ಬೈಯೇ ಹಲ್ಡಕ್ಕ. ಎರಡೇಟು ಹಾಕಾದ್ರೂ ಹಾಕು."

"ಹಾಕಿದ್ರೆ ನನ್ನ ಕೈ ನೋಯುತ್ತೆ ಅಷ್ಟೆ. ನಿನ್ನ ಬೆನ್ನು ನಂಗೊತ್ತಿಲ್ವಾ." ಬೇಲಿಯ ಬಾಗಿಲಲ್ಲಿ ಹಲ್ಡಾ ನಿಂತಳು. "ಈ ಭಾನುವಾರ ಅಯ್ಯನವರು ಬರ್ತಾರೆ ತಾನೆ? ರೂಬನ್ ಪ್ರಸಂಗ ಮಾಡ್ಬೇಕು ಅಂತ ಹೇಳಿ ಕಳಿಸು."

"ಬಟ್ಟೆ ಇಲ್ದೆ?"

"ಪೆಟ್ಟಿಗೆ ಬರ್ಲಿಲ್ಲ. ಬಟ್ಟೆ ಹೋಯ್ತು. ಇನ್ನು ಯಾವುದಕ್ಕೆ ಅಂತ ಕಾಯ್ಲಿ?"

ಭಾನುವಾರ ಪ್ರಾರ್ಥನೆಮನೆ ತುಂಬಿತು. ಪೆಟ್ಟಿಗೆ ಇರಬೇಕಾದ ಜಾಗದಲ್ಲಿ ಒಂದು ಬರಿಯ ಮೇಜು. ಹಲ್ಡಾ ಮುಂದಿನ ಬೆಂಚಿನಲ್ಲಿ ಕೂತು ಹಿಂತಿರುಗಿ ನೋಡಿದಳು. ಬಂದವರೆಲ್ಲರ ಎದೆಯ ಮೇಲೆ, ಅಧ್ಯಕ್ಷನ ಶೋಕಕ್ಕೆಂದು, ಕರಿಬಟ್ಟೆಯ ಚೂರು ಗುಂಡುಸೂಜಿಯಲ್ಲಿ ಸಿಕ್ಕಿಕೊಂಡಿತ್ತು. ಅವಳು ಮುಖ ತಿರುಗಿಸಿ ಕೈ ಮಡಿಸಿಕೊಂಡಳು.

ಅಮಾಸಾ ಅಯ್ಯನವರು ಬಹಳ ಮಾತಾಡುವವರಲ್ಲ. "ಇಂಡಿಯಾನಾದ ಕಾಡಲ್ಲಿ ಒಬ್ಬ ಹುಡುಗ ಇದ್ದ," ಎಂದು ಶುರುಮಾಡಿದರು. "ತಾಯಿ ಸತ್ತಾಗ ಅಪ್ಪ ಹಲಗೆ ಕೊಯ್ದ, ಹುಡುಗ ಮರದ ಮೊಳೆ ಕೆತ್ತಿಕೊಟ್ಟ. ಹಾಗೇ ಮಣ್ಣು ಮಾಡಿದರು, ಪ್ರಸಂಗ ಹೇಳುವವರು ಹತ್ತಿರದಲ್ಲಿ ಇರಲಿಲ್ಲ. ತಿಂಗಳುಗಳು ಕಳೆದ ಮೇಲೆ ಬೋಧಕರೊಬ್ಬರು ಬಂದು ಸಮಾಧಿಯ ಹತ್ತಿರ ನಿಂತು ಹೇಳಿದರು. ಅಲ್ಲಿಯ ತನಕ ಆ ಹುಡುಗನ ಎದೆಯ ಭಾರ ಇಳಿದಿರಲಿಲ್ಲ ಅಂತ ಜನ ಹೇಳ್ತಾರೆ. ಆ ಹುಡುಗ ಯಾರು ಅಂತ ನಿಮಗೆ ಗೊತ್ತು, ಮೊನ್ನೆ ಬುಧವಾರ ನಮ್ಮೂರ ಮೇಲೆ ಹಾದು ಹೋದ. ತಡವಾಗಿ ಹೇಳಿದ್ದನ್ನೂ ದೇವರು ಕೇಳಿಸಿಕೊಳ್ತಾನೆ. ಈವತ್ತು ರೂಬನ್ ಪ್ರೂಯಿಟ್‌ನ ಸರದಿ."

ಆಗ ಟ್ಯಾಬಿತಾ ಎದ್ದಳು. ಹೆಂಗಸರು ಪ್ರಸಂಗದ ನಡುವೆ ಏಳುವ ರೂಢಿ ಅಲ್ಲಿರಲಿಲ್ಲ. ಅಯ್ಯನವರು ತಡೆಯಲಿಲ್ಲ.

"ನಿಮ್ಮ ಎದೆ ಮೇಲಿರೋದು ರೂಬನ್‌ನ ಶವದ ಬಟ್ಟೆ. ಅವರಮ್ಮ ಕೊಟ್ಟಿದ್ದು, ವಾಪಸ್ ತಂದುಕೊಡ್ತೀನಿ ಅಂತ ನಾನು ಮಾತು ಕೊಟ್ಟಿದ್ದೆ. ನಿಮಗೆ ಗೊತ್ತಿರ್ಲಿಲ್ಲ, ಹೇಳ್ದೇ ಇದ್ದದ್ದು ನನ್ನ ತಪ್ಪು."

ಬೆಂಚುಗಳು ಕಿರುಗುಟ್ಟಿದವು. ಮೊದಲು ಅಂಗಡಿಯವನ ಹೆಂಡತಿ ಬಂದು, ತನ್ನ ಚೂರನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಬೆರಳಿನಿಂದ ನೇರ ಮಾಡಿದಳು. ಒಂದು ಕೈಯಿಲ್ಲದ ಸೈನಿಕ ತನ್ನದನ್ನು ಬಿಚ್ಚಲಾಗದೆ ಪಕ್ಕದವರಿಂದ ಬಿಚ್ಚಿಸಿಕೊಂಡ. ಬಾಗಿಲ ಬಳಿ ನಿಂತಿದ್ದ ಗಿರಣಿಯ ಹಿರಿಯ ಹೆಂಗಸು ತನ್ನ ಚೂರಿಗೆ ಮುತ್ತಿಟ್ಟು ಮೇಜಿನ ಮೇಲಿಟ್ಟಳು. ಸರದಿ ನಿಲ್ಲಲಿಲ್ಲ. ಅಯ್ಯನವರು ಮತ್ತೆ ಮಾತು ಎತ್ತುವ ಹೊತ್ತಿಗೆ ಮೇಜಿನ ಮರ ಕಾಣದಂತೆ ಕಪ್ಪಾಗಿತ್ತು. ಹಲ್ಡಾ ಅಂದು ಅತ್ತಳು. ಮೂರು ವರ್ಷದಲ್ಲಿ ಅದೇ ಮೊದಲು.

ಆ ಬೇಸಿಗೆಯೆಲ್ಲ ಅವಳು ಜಗಲಿಯಲ್ಲಿ ಕೂತು ಚೂರುಗಳನ್ನು ಹೊಂದಿಸಿ ಹೊಲಿದಳು. ಟ್ಯಾಬಿತಾ ಎದುರು ಕೂತು ದಾರ ಪೋಣಿಸಿ ಕೊಡುತ್ತಿದ್ದಳು. "ಪ್ರಸಂಗ ಆಯ್ತಲ್ಲ, ಇನ್ಯಾಕೆ ಇದು?" ಎಂದು ಕೇಳಿದರೆ, "ಊರಲ್ಲಿ ಯಾರಾದ್ರೂ ಸಾಯ್ತಾನೇ ಇರ್ತಾರಲ್ಲ. ಇನ್ಮೇಲೆ ಎಲ್ರಿಗೂ ಇದನ್ನೇ ಹೊದಿಸೋದು. ನಿಂಗೂ ಹೊದಿಸ್ತೀನಿ, ಅವಸರ ಮಾಡ್ಬೇಡ," ಎನ್ನುತ್ತಿದ್ದಳು. ದೂರದ ಹೊಲಗಳಿಗೆ ಹೋಗಿದ್ದ ಚೂರುಗಳೂ ಯಾರ್ಯಾರದೋ ಕೈಯಲ್ಲಿ ಬಂದು ಸೇರಿದವು. ಕೊನೆಗೆ ಒಂದು ಮೂಲೆ ಖಾಲಿ ಉಳಿಯಿತು. ಅವಳು ಅಂಚು ಹೊಲಿದು ಮುಗಿಸಿದ್ದ ಮೂಲೆ.

ಯಾರ ಬಳಿ ಇದೆ ಎಂದು ಅವಳು ವಿಚಾರಿಸಲಿಲ್ಲ. ಪ್ರಸಂಗದ ದಿನ ಓರಿನ್ ಬಂದಿರಲಿಲ್ಲ, ಕೀಲುನೋವು ಎಂದು ಹೇಳಿ ಕಳಿಸಿದ್ದ. ಆಮೇಲೆ ನಿಲ್ದಾಣದ ಬೆಂಚಿನಲ್ಲಿ ಕುಸ್ತಿಯ ಕತೆಯೂ ಕೇಳಿಬರಲಿಲ್ಲ.

ಜೋಳ ತೆನೆಗಟ್ಟುವ ಕಾಲಕ್ಕೆ ಒಂದು ಸಂಜೆ ಅವನು ಬಂದ. ಹಲ್ಡಾ ಒಬ್ಬಳೇ ಇದ್ದಳು. ಕೆಸರು ಎಲ್ಲೂ ಇರಲಿಲ್ಲ. ಆದರೂ ಅವನು ಮೆಟ್ಟಿಲ ಬಳಿ ಕಾಲನ್ನು ಎರಡು ಸಲ ಒರೆಸಿಕೊಂಡು ಬಂದು, ಟೊಪ್ಪಿ ತೆಗೆದು ಕೂತ.

"ಕೀಲುನೋವು ಹೇಗಿದೆ ಮಾಮ?"

"ಕೀಲಿಗೇನೂ ಆಗಿರ್ಲಿಲ್ಲ." ಅವನು ಹೊಲದ ಕಡೆ ನೋಡಿದ. "ನಾನು ನ್ಯೂ ಸೇಲಂಗೆ ಹೋಗೋ ಹೊತ್ತಿಗೆ ಏಬ್ ಊರು ಬಿಟ್ಟಾಗಿತ್ತು. ಅವನನ್ನ ನಾನು ಒಂದು ಸಲಾನೂ ನೋಡಿಲ್ಲ ಹಲ್ಡಾ. ಎಲ್ರ ಹತ್ರನೂ ಅವನದು ಏನಾದ್ರೊಂದು ಇರೋದು. ನನ್ನ ಹತ್ರ ಬಾಯಿ ಬಿಟ್ರೆ ಏನಿತ್ತು. ಏಣಿ ಮೇಲೆ ನಿಂತಿದ್ನಲ್ಲ, ಗಾಡಿ ನನ್ನ ಕಾಲ ಕೆಳಗೇ ಹೋದಂಗಾಯ್ತು. ನಿಜವಾಗ್ಲೂ ಹತ್ತಿರ ಬಂದಿದ್ದು ಅದೊಂದೇ ಸಲ. ಬಟ್ಟೆ ಯಾರದು ಅಂತ ನಂಗೆ ಗೊತ್ತಿತ್ತು. ಆದ್ರೂ ಮೊದಲು ಕೊಯ್ದೋನು ನಾನೇ."

ಹಲ್ಡಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಕೈ ಬಿಡುವು ಮಾಡಿಕೊಂಡಳು.

ಓರಿನ್ ಅಂಗಿಯ ಒಳಗೆ ಕೈ ಹಾಕಿ, ಬೆವರಿಗೆ ಮೆತ್ತಗಾಗಿದ್ದ ಮೂಲೆಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಅಂಚಿನ ಸಣ್ಣ ಹೊಲಿಗೆ ಹಾಗೇ ಇತ್ತು. ಅವಳು ಅಂದು ಸೂಜಿ ಕಳಚಿದ ಜಾಗದಿಂದ ದಾರದ ತುದಿ ಇನ್ನೂ ಇಳಿಬಿದ್ದಿತ್ತು.