ಹಗ್ಗದ ಆ ತುದಿ

ದೇವರ ಕಾಡಿನ ಕಲ್ಲು ಕಮಾನಿನ ಮುಂದೆ ತಲೆಬಾಗಿದಾಗ ಸಹೊಕೊಗೆ ಎಂದಿನಂತೆ ಕ್ಷಮೆ ಕೇಳಬೇಕೆನಿಸಿತು. ಯಾವ ತಪ್ಪಿಗೆ ಎಂದು ಇನ್ನೂ ಗೊತ್ತಿರಲಿಲ್ಲ.

ಒಂದು ಕಡೆ ಕೂಡಿ ಬೆಳೆದ ಗಿಡಮರಗಳನ್ನು ನೋಡಿ, ಇದು ಯಾವ ಬಗೆಯ ಕಾಡು ಎಂದು ಹೆಸರಿಟ್ಟು ನಕ್ಷೆಗೆ ಬಣ್ಣ ತುಂಬುವುದು ಅವಳ ಕೆಲಸ. ಈ ಸಲ ಆ ಹೆಸರಿಗೆ ಬೆಲೆ ಇತ್ತು. ಕರಾವಳಿಯ ರಸ್ತೆ ಅಗಲವಾಗಬೇಕು. ಗುಡ್ಡದ ಈ ಕಾಡು ತಾನಾಗಿ ಬೆಳೆದದ್ದಾದರೆ ಅದನ್ನು ಮುಟ್ಟುವಂತಿಲ್ಲ. ಆಗ ರಸ್ತೆಯು ಕಾಡಿನ ಪಕ್ಕದ ಕಿತ್ತಳೆ ತೋಟದ ಮೇಲೆ ಹೋಗುತ್ತದೆ. ಜನ ನೆಟ್ಟದ್ದಾದರೆ ಕಾಡನ್ನೇ ಕಡಿಯುತ್ತಾರೆ. ಕಚೇರಿಯ ನಕ್ಷೆಯಲ್ಲಿ ಎರಡೂ ಗೆರೆಗಳನ್ನು ಅವಳು ನೋಡಿದ್ದಳು. ಊರಿನವರಿಗೆ ಇನ್ನೂ ತೋರಿಸಿರಲಿಲ್ಲ.

ಜೊತೆಗೆ ಬಂದಿದ್ದ ಹಿರಿಯ ಸಹೋದ್ಯೋಗಿ ತೊಕಿತಾ ಹಳ್ಳದ ಕಡೆಗೆ ಇಳಿದರು. "ಮೇಲಿಂದು ನೀನು ನೋಡ್ಕೊ. ನನ್ನ ಮಂಡಿ ಆ ದೇವರನ್ನ ನಂಬಲ್ಲ," ಎಂದರು.

ಕಾಡಿನ ಕೆಳಭಾಗದಲ್ಲಿ ಶಿಯಿ ಮರಗಳು ತಬ್ಬಲಾರದಷ್ಟು ದಪ್ಪವಾಗಿದ್ದವು. ಅವುಗಳಡಿ ತಬು ಸಸಿ, ಜರಿಗಿಡ, ನೆರಳಿನ ತಂಪು. ನೋಡುತ್ತ ನಿಂತವಳಿಗೆ ಎದೆ ತುಂಬಿತು. ಇಂಥ ಕಾಡು ಈ ಕರಾವಳಿಯಲ್ಲಿ ಬೆರಳೆಣಿಕೆಯಷ್ಟೂ ಉಳಿದಿಲ್ಲ. ಮೇಲ್ಭಾಗದಲ್ಲೂ ಅವೇ ಮರಗಳು. ಆದರೆ ಎಲ್ಲವೂ ಒಂದೇ ಗಾತ್ರ. ಅದು ಕಣ್ಣಿಗೆ ಬಿದ್ದಿತು. ಆಮೇಲೆ ಯೋಚಿಸಿದರಾಯಿತು ಎಂದು ಅವಳು ಕಣ್ಣು ತಿರುಗಿಸಿದಳು.

"ಏ ತಂಗೀ, ಬಾಯಿ ಒಣಗಿಲ್ವಾ?"

ತೋಟದ ಕಡೆಯಿಂದ ಬಾರ್ಲಿ ಚಹಾದ ಫ್ಲಾಸ್ಕ್ ಹಿಡಿದು ಮುದುಕಿಯೊಬ್ಬಳು ಬಂದಳು. ಹೆಸರು ಇಯೊ, ತೋಟ ತನ್ನದೇ ಎಂದಳು. ಸಹೊಕೊ ಅವಳು ಕೊಟ್ಟ ಲೋಟ ತೆಗೆದುಕೊಂಡು ಕಾಡಿನ ಕಡೆ ತಿರುಗಿದಳು.

"ಈ ಕಾಡು ಚೆನ್ನಾಗಿದೆ ಅಜ್ಜಿ," ಎಂದಳು, ಏನಾದರೂ ಹೇಳಬೇಕಲ್ಲ ಎಂದು.

"ಚೆನ್ನಾಗಿರದೆ ಏನು! ನಾನು ಮದುವೆಯಾಗಿ ಬಂದ ವರ್ಷವೇ ಚಂಡಮಾರುತ ಬಂದು ಮೇಲಿನ ಅರ್ಧ ಬೋಳು ಮಾಡಿ ಹೋಗಿತ್ತು. ನಮ್ಮತ್ತೆ ನನ್ನನ್ನ ಎಳ್ಕೊಂಡು ಬಂದ್ಳು. ಕೆಳಗಿನ ಸಸಿ ಕಿತ್ತು ಕಿತ್ತು ಮೇಲೆ ನೆಟ್ವಿ. ಬದನೆ ಸಸಿ ಇಟ್ಟಂಗೆ ಸಾಲಾಗಿ ಇಟ್ಟೆ ಅಂತ ಬೈಸ್ಕೊಂಡೆ. 'ದೇವರೇನು ನಿನ್ನ ಹಿತ್ತಿಲಲ್ಲಿ ಇರ್ತಾನಾ?' ಅಂದ್ಳು ಮುದುಕಿ." ಇಯೊ ನಕ್ಕಳು. "ಈಗ ನೋಡು, ನೆಟ್ಟಿದ್ದು ಅಂತ ಯಾರಾದ್ರೂ ಹೇಳ್ತಾರಾ?"

"ಬೇರೆ ಯಾರಿಗಾದ್ರೂ ಇದು ಗೊತ್ತಾ?"

"ಗೊತ್ತಿದ್ದೋರೆಲ್ಲ ಹೋದ್ರು. ಕೇಳೋರೂ ಇಲ್ಲ. ನೀನೇ ಮೊದಲು."

ಸಹೊಕೊ ಚಹಾ ಕುಡಿದಳು. ಮುದುಕಿಯ ತೋಟ ಉಳಿಯಲು ಈ ಮಾತು ಸಾಕಿತ್ತು. ಅದು ತನ್ನ ತೋಟ ಉಳಿಸುವ ಮಾತು ಎಂದು ಮುದುಕಿಗೇ ಗೊತ್ತಿರಲಿಲ್ಲ. ಮೇಲಿನ ಅರ್ಧ ನೆಟ್ಟದ್ದು ಎಂದಾದರೆ ಕೆಳಗಿನ ಅರ್ಧ ನಕ್ಷೆಯಲ್ಲಿ ಕಾಡೆಂದು ತೋರಿಸಲಾರದಷ್ಟು ಚಿಕ್ಕದು. ಎರಡೂ ಹೋಗುತ್ತವೆ, ಆ ಹಳೆಯ ಶಿಯಿ ಮರಗಳೂ.

ಸುಳ್ಳು ಬರೆಯಬೇಕಾಗಿಯೇ ಇರಲಿಲ್ಲ. ಕಾಡನ್ನು ಅಳೆಯುವವರು ಇಡೀ ಕಾಡನ್ನು ಅಳೆಯುವುದಿಲ್ಲ. ಹಗ್ಗದಿಂದ ಒಂದು ಚೌಕ ಹಾಕಿ ಅದರೊಳಗಿನ ಗಿಡಗಳನ್ನಷ್ಟೇ ಬರೆದುಕೊಳ್ಳುತ್ತಾರೆ. ಚೌಕ ಎಲ್ಲಿ ಹಾಕಬೇಕು ಎಂಬುದನ್ನು ಅಳೆಯುವವರ ಕಣ್ಣಿಗೇ ಬಿಟ್ಟಿರುತ್ತಾರೆ. ಇಷ್ಟು ವರ್ಷ ಆ ಸ್ವಾತಂತ್ರ್ಯವನ್ನು ಅವಳು ಅಂಜುತ್ತಲೇ ಬಳಸಿದ್ದಳು.

ಅವಳು ಕೆಳಭಾಗಕ್ಕೆ ಇಳಿದು ಹಗ್ಗ ಬಿಚ್ಚಿದಳು.

"ಒಬ್ಳೇ ಹೆಂಗೆ ಹಿಡೀತೀಯ? ಕೊಡಿಲ್ಲಿ," ಎಂದು ಇಯೊ ಹಿಂದೆಯೇ ಇಳಿದು ಬಂದು ಒಂದು ತುದಿ ಹಿಡಿದಳು. "ಬಿಗಿ ಆಯ್ತಾ? ಸರಿಯಾಗಿ ಹಿಡಿದಿದೀನಾ?"

"ಸರಿಯಾಗಿದೆ ಅಜ್ಜಿ."

"ನಮ್ಮ ಕಾಡಿನ ಬಗ್ಗೆ ಒಳ್ಳೇದು ಬರಿ, ತಂಗೀ."

"ಬರೀತೀನಿ."

ಹೊರಡುವಾಗ ಇಯೊ ಅವಳ ಚೀಲಕ್ಕೆ ಬೇಸಿಗೆ ಕಿತ್ತಳೆ ತುಂಬಿದಳು. "ಹೊಸ ಗಿಡಾನೂ ಹಾಕ್ತಿದೀನಿ. ಅದರ ಹಣ್ಣಿಗೆ ನಾನಿರ್ತೀನೋ ಇಲ್ವೋ. ನೀನು ಬಂದು ತಿನ್ನು." ಅಜ್ಜಿ, ಈ ವರ್ಷ ಹಾಕಬೇಡಿ ಎನ್ನಲು ಸಹೊಕೊ ಬಾಯಿ ತೆರೆದಳು. ಆದರೆ "ಬಿಸಿಲು ಜಾಸ್ತಿ, ಒಳಗೆ ಹೋಗಿ," ಎಂದಳು.

ಕಾರಿನಲ್ಲಿ ತೊಕಿತಾ ಹಣ್ಣು ಸುಲಿದರು. "ಅಬ್ಬಾ, ಏನು ಹುಳಿ, ಏನು ಸಿಹಿ! ಎಲ್ಲೀದು?"

"ಪಕ್ಕದ ತೋಟದ್ದು."

ಅಗಿಯುತ್ತಿದ್ದ ಅವರ ಬಾಯಿ ಒಂದು ಕ್ಷಣ ನಿಂತಿತು. ಆಮೇಲೆ ಕೇಳಿದರು, "ಮೇಲ್ಭಾಗ ಹೆಂಗಿದೆ?"

"ಒಂದೇ ಕಾಡು," ಎಂದಳು ಸಹೊಕೊ. ಸ್ವರ ಸಹಜವಾಗಿಯೇ ಬಂತು. ಅದೇ ಅವಳನ್ನು ಹೆದರಿಸಿತು.

"ಒಳ್ಳೇದಾಯ್ತು ಬಿಡು. ಕಾಡು ಉಳೀತು. ತಗೋ, ಒಂದು ತೊಳೆ ತಿನ್ನು."

"ಬೇಡ."

ಮಡಿಲಲ್ಲಿ ಹಗ್ಗ ಸುತ್ತುತ್ತ ಕೂತಳು. ಸುತ್ತಿ ಸುತ್ತಿ ಕೊನೆಗೆ ಆ ತುದಿ ಕೈಗೆ ಬಂತು. ಮುದುಕಿ ಹಿಡಿದಿದ್ದ ಅಷ್ಟುದ್ದ ಹಗ್ಗಕ್ಕೆ ಕಿತ್ತಳೆ ಸಿಪ್ಪೆಯ ವಾಸನೆ ಹತ್ತಿತ್ತು. ಅಷ್ಟನ್ನು ಅವಳು ಸುತ್ತದೆ ಬಿಟ್ಟಳು.

"ಅದನ್ಯಾಕೆ ಹಂಗೇ ಬಿಟ್ಟೆ? ನಾಳೆ ಗಂಟಾಗತ್ತೆ ನೋಡು," ಎಂದರು ತೊಕಿತಾ.