ಕೈ ಮಾತ್ರ ಕಾಣುವ ಶಾಟ್

"ಹೀರೋಯಿನ್ ಕೈ ಮೈದಾ ಹಿಟ್ಟಿನ ಥರ ಇದೆ ಅಮ್ಮಾ, ಹಳ್ಳಿ ಮಗಳು ಅಂದ್ರೆ ಯಾರೂ ನಂಬಲ್ಲ. ಕ್ಲೋಸಪ್‌ಗೆ ನಿಮ್ ಕೈನೇ ಬೇಕು," ಎಂದ ಸಹನಿರ್ದೇಶಕ ಫೈಸಲ್.

ಮುನಿಲಕ್ಷ್ಮಮ್ಮ ತನ್ನ ಕೈಗೆ ತೊಡಿಸಿದ್ದ ಹಸಿರು ಬಳೆಗಳನ್ನು ನೋಡಿಕೊಂಡಳು. ಗಂಡ ಸುಗತ ತೀರಿಕೊಂಡ ಮೇಲೆ ಬಳೆ ಏರಿದ್ದು ಇದೇ ಮೊದಲು. ಜೋಗುಪಾಳ್ಯದಲ್ಲಿ ಜೂನಿಯರ್ ಆರ್ಟಿಸ್ಟ್‌ಗಳ ವ್ಯಾನ್ ಹತ್ತುವಾಗ, ಶೂಟಿಂಗ್ ಹೊರಮಾವಿನಲ್ಲಿ ಅಂತಷ್ಟೇ ಗೊತ್ತಿತ್ತು. ಅಪಾರ್ಟ್‌ಮೆಂಟುಗಳ ನಡುವೆ ಉಳಿದಿದ್ದ ಹೆಂಚಿನ ಮನೆಯ ಮುಂದೆ ವ್ಯಾನ್ ನಿಂತಾಗ ಅವಳು ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಇಳಿದಳು. ಅದು ಅವಳು ಹುಟ್ಟಿದ ಮನೆ. ಹಲಸೂರಿನ ಬೌದ್ಧರ ಹುಡುಗನನ್ನು ಕಟ್ಟಿಕೊಂಡಳೆಂದು ಅಣ್ಣ ಕೆಂಪರಾಜ್ ಮುಚ್ಚಿದ್ದ ಬಾಗಿಲು ಈಗ ಸಿನಿಮಾದವರಿಗೆ ಬಾಡಿಗೆಗೆ ತೆರೆದಿತ್ತು. ಬಾಣಂತನಕ್ಕೆ ಕರೆಯಲಿಲ್ಲ, ಸುಗತ ಸತ್ತಾಗ ಬರಲಿಲ್ಲ, ಹೋಗಲಿ. ಒಂದು ಸಲ ಮಡಿಲಕ್ಕಿ ಹಾಕಿ ಕಳಿಸಿದ್ದರೆ ಸಾಕಿತ್ತು ಎಂದು ಅವಳು ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಸಿನಿಮಾ ಕಥೆಯೂ ತವರಿನದ್ದೇ. ಹಳ್ಳಿಯ ತವರಿಗೆ ಮರಳಿದ ಮಗಳು ಒಳಗೊಳಗೇ ಬುದ್ಧಿ ಕಳೆದುಕೊಳ್ಳುತ್ತಾಳೆ. ಇವತ್ತು ಅವಳಿಗೆ ಅತ್ತಿಗೆ ಮಡಿಲು ತುಂಬುವ ದೃಶ್ಯ. "ಅತ್ತಿಗೆ ಕೈ ಆದ್ರೂ ನಿಜವಾದ್ದಿರ್ಲಿ, ಮನೆಯವರನ್ನೇ ಕರೀರಿ," ಅಂದಿದ್ದಳು ನಿರ್ದೇಶಕಿ ತೇಜಶ್ರೀ.

ಹಾಗಾಗಿ ಕೆಂಪರಾಜನ ಹೆಂಡತಿ ಗಂಗಾ ರೇಷ್ಮೆ ಸೀರೆ ಉಟ್ಟು, ಅಕ್ಕಿ, ಕೊಬ್ಬರಿ, ಬೆಲ್ಲ ಇಟ್ಟ ಮೊರ ಹಿಡಿದು ನಗುನಗುತ್ತಾ ಬಂದಳು. ಹೊಸ್ತಿಲ ಬಳಿ ಕೂತವಳನ್ನು ನೋಡಿ ನಿಂತುಬಿಟ್ಟಳು.

"ಇವಳಾ?"

"ನಾನೇ, ಅತ್ತಿಗೆ. ಚೆನ್ನಾಗಿದ್ದೀರಾ?"

ಗಂಗಾ ಶೂಟಿಂಗ್ ನೋಡುತ್ತಾ ನಿಂತಿದ್ದ ಗಂಡನ ಕಡೆ ತಿರುಗಿದಳು. "ರೀ, ಗಂಡ ಇಲ್ದೋಳಿಗೆ ಮಡಿಲು ತುಂಬ್ತಾರೇನ್ರೀ? ಮನೇಗೆ ಒಳ್ಳೇದಾಗುತ್ತಾ?"

ಫೈಸಲ್‌ಗೆ ತಲೆಬುಡ ತಿಳಿಯಲಿಲ್ಲ. "ಏನ್ ಪ್ರಾಬ್ಲಮ್ ಆಂಟಿ? ಬಿಸಿಲು ಹೋಗ್ತಿದೆ, ಬೇಗ!"

"ಸಿನಿಮಾ ಕಣೆ, ಹಾಕು," ಎಂದ ಕೆಂಪರಾಜ್, ತಂಗಿಯ ಕಡೆ ನೋಡದೆ. "ಮುಖ ಬರಲ್ಲ, ಕೈ ಅಷ್ಟೇ. ಯಾರ್ಗೆ ಗೊತ್ತಾಗುತ್ತೆ?"

ಮುನಿಲಕ್ಷ್ಮಮ್ಮ ಸೆರಗು ಒಡ್ಡಿದಳು. ಗಂಗಾ ಕಸ ಚೆಲ್ಲಿದಂತೆ ಅಕ್ಕಿ ಹಾಕಿದಳು.

"ಕಟ್! ಪ್ರೀತಿಯಿಂದ ಆಂಟಿ, ಮನೆಮಗಳಲ್ವಾ!"

ಅಕ್ಕಿಯನ್ನು ಮೊರಕ್ಕೆ ಸುರಿದು ಮತ್ತೆ ಹಾಕಿಸಿದರು. ಮತ್ತೆ ಸುರಿದರು. ಕೊನೆಯ ಸಲ ಗಂಗಾಳ ಬೊಗಸೆ ಎಷ್ಟು ಮೆತ್ತಗೆ ಇಳಿಯಿತೆಂದರೆ, ಮಾನಿಟರ್ ಮುಂದೆ ತೇಜಶ್ರೀ ಕಣ್ಣೊರೆಸಿಕೊಂಡಳು. ಚಪ್ಪಾಳೆ ಬಿತ್ತು. ಗಂಗಾಳಿಗೂ ನಗು ಬಂತು.

ಮುನಿಲಕ್ಷ್ಮಮ್ಮ ಸೆರಗನ್ನು ಬಿಗಿಯಾಗಿ ಗಂಟು ಹಾಕಿ ಎದ್ದಳು.

"ಅಕ್ಕಿ?" ಎಂದಳು ಗಂಗಾ.

"ತಗೊಂಡ್ಹೋಗ್ಲಿ ಬಿಡಿ ಆಂಟಿ, ನಮ್ ಪ್ರೊಡಕ್ಷನ್ ಅಕ್ಕಿ ತಾನೆ," ಎಂದ ಫೈಸಲ್.

ಗಂಗಾಳ ನಗು ಆರಿತು. ಮಡಿಲು ತುಂಬಿಸಿಕೊಂಡ ಮಗಳು ಹೊರಡುವ ಮೊದಲು ಅದರಲ್ಲೇ ಮೂರು ಹಿಡಿ ಮನೆಗೆ ವಾಪಸ್ ಹಾಕಬೇಕು. ಇಲ್ಲದಿದ್ದರೆ ತವರಿನ ಸಿರಿಯೆಲ್ಲ ಅವಳ ಹಿಂದೆಯೇ ಹೊರಟುಹೋಗುತ್ತದೆ ಎನ್ನುತ್ತಾರೆ.

"ಲಕ್ಷ್ಮೀ..." ದನಿ ತಗ್ಗಿತ್ತು. "ಮೂರು ಹಿಡಿ ಹಾಕ್ಬಿಟ್ಟು ಹೋಗಮ್ಮಾ."

"ಅದು ಸಿನಿಮಾದಲ್ಲಿ ಇಲ್ಲ ಅತ್ತಿಗೆ."

ಅವಳು ವ್ಯಾನ್ ಹತ್ತಿದಳು. ಸೆಟ್ ಗುಡಿಸಲು ಬಂದವನು ಪೊರಕೆ ಹಿಡಿದು ಕಾಯುತ್ತಾ ನಿಂತ. ಗಂಗಾ ರೇಷ್ಮೆ ಸೀರೆಯಲ್ಲೇ ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಚೆಲ್ಲಿದ್ದ ಅಕ್ಕಿಕಾಳುಗಳನ್ನು ಒಂದೊಂದಾಗಿ ಆರಿಸತೊಡಗಿದಳು.